ಬಾಡಿಗೆ ಮನೆಗೆ ಇನ್ಶೂರೆನ್ಸ್ ಇದೆಯಾ? ‘ಕಳ್ಳತನ’ ಅನ್ನೋ ಸಾಲನ್ನು ಪೂರ್ತಿ ಓದಿ

ಮನೆ ಬಾಡಿಗೆಗೆ ಕೊಟ್ಟಿರುವವರು ದಯವಿಟ್ಟು ಇದನ್ನು ಓದಿ. ಬೆಂಗಳೂರಿನ ವಿಜಯನಗರದಲ್ಲಿ ನಮ್ಮದೊಂದು ಮನೆ ಇದೆ. ನಾವಿರುವುದು ಶಿವಮೊಗ್ಗದಲ್ಲಿ. ಬಾಡಿಗೆಯವರು ಖಾಲಿ ಮಾಡಿದ ಮೇಲೆ ಬಣ್ಣ ಹೊಡೆಸೋಣ ಅಂತ ಒಂದೂವರೆ ತಿಂಗಳು ಬೀಗ ಹಾಕಿದ್ದೆವು. ಒಂದು ದಿನ ಪಕ್ಕದ ಮನೆಯ ಆಂಟಿ ಫೋನ್ ಮಾಡಿ, “ನಿಮ್ಮ ಹಿಂದಿನ ಬಾಗಿಲು ತೆಗೆದಿದೆಯಲ್ಲಪ್ಪ” ಅಂದರು. ಹೋಗಿ ನೋಡಿದರೆ ಗೀಸರ್ ಇಲ್ಲ, ಯುಪಿಎಸ್ ಬ್ಯಾಟರಿ ಇಲ್ಲ, ಸಂಪಿನ ಮೋಟಾರ್ ಇಲ್ಲ. ಬಚ್ಚಲಿನ ಹಿತ್ತಾಳೆ ನಲ್ಲಿಗಳನ್ನು ಬುಡಕ್ಕೇ ಕೊಯ್ದಿದ್ದರು. ಸ್ವಿಚ್ ಬೋರ್ಡ್ ಕಿತ್ತು, ಒಳಗಿನ ವೈರನ್ನೂ ಎಳೆದುಕೊಂಡು ಹೋಗಿದ್ದರು.

ಇನ್ಶೂರೆನ್ಸ್ ಇದೆಯಲ್ಲ ಅಂತ ಧೈರ್ಯವಾಗಿದ್ದೆ. ಮನೆ ಸಾಲ ಮಾಡುವಾಗ ಬ್ಯಾಂಕಿನವರು ಅಲ್ಲೇ ಕೂರಿಸಿ ಸಹಿ ಹಾಕಿಸಿಕೊಂಡ ಪಾಲಿಸಿ ಅದು. “ಬೆಂಕಿ, ಮಳೆ, ಕಳ್ಳತನ ಎಲ್ಲಾ ಕವರ್ ಆಗುತ್ತೆ ಸರ್” ಅಂದಿದ್ದರು. ಎಫ್‌ಐಆರ್ ಮಾಡಿಸಿ ಕ್ಲೇಮ್ ಹಾಕಿದೆ. ಮೂರು ವಾರಕ್ಕೆ ಒಂದು ಪುಟದ ಪತ್ರ ಬಂತು, ಕ್ಲೇಮ್ ಇಲ್ಲ ಅಂತ.

ನನ್ನದು ‘ಭಾರತ್ ಗೃಹ ರಕ್ಷಾ’ ಪಾಲಿಸಿ. 2021ರ ಏಪ್ರಿಲ್‌ನಿಂದ ಎಲ್ಲಾ ಜನರಲ್ ಇನ್ಶೂರೆನ್ಸ್ ಕಂಪನಿಗಳೂ ಮಾರುವ, ಒಂದೇ ನಿಯಮಗಳಿರುವ ಮನೆ ವಿಮೆ ಅದು. ಅದರ ಪಟ್ಟಿಯಲ್ಲಿ ಕಳ್ಳತನ ಇದೆ, ನಿಜ. ಆದರೆ ಬೆಂಕಿ, ಪ್ರವಾಹ, ಗಲಭೆಯಂಥ ಅವಘಡ ಆಗಿ, ಅದರಿಂದಲೇ, 7 ದಿನದೊಳಗೆ ಆದ ಕಳ್ಳತನ ಮಾತ್ರ! ಬೀಗ ಒಡೆದು ಬಂದ ಕಳ್ಳರಿಗೆ ಅದು ಅನ್ವಯ ಆಗೋದೇ ಇಲ್ಲ. ಅದಕ್ಕೆ ಬರ್ಗ್ಲರಿ ಕವರ್ ಅಂತ ಬೇರೆಯೇ ತೆಗೆದುಕೊಳ್ಳಬೇಕು. ತೆಗೆದುಕೊಳ್ಳುವಾಗಲೂ ಮನೆ ಎಷ್ಟು ದಿನ ಖಾಲಿ ಇರಬಹುದು ಅಂತ ಕೇಳಿ. ಬಾಡಿಗೆ ಮನೆ ಖಾಲಿ ಬೀಳೋದು ಮಾಮೂಲು, ಅಲ್ವಾ?

ಬಾಡಿಗೆ ನಷ್ಟದ ಕಥೆಯೂ ಹೀಗೇ. ಪಾಲಿಸಿಯಲ್ಲಿ ಆ ಮಾತು ಕಂಡು ಖುಷಿಪಟ್ಟಿದ್ದೆ. ಅವಘಡ ಆಗಿ ಮನೆ ವಾಸಕ್ಕೆ ಬಾರದಂತಾದರೆ ಮಾತ್ರ ಅದು ಸಿಗುತ್ತದೆ. ಬಾಡಿಗೆಯವರು ದುಡ್ಡು ಕೊಡದೆ ಹೋದರೆ ಒಂದು ಪೈಸೆಯೂ ಇಲ್ಲ. ಅದಕ್ಕೆ ನಿಮ್ಮ ಕೈಲಿರುವ ಅಡ್ವಾನ್ಸೇ ಗತಿ.

ಈ ಕ್ಲೇಮ್ ಹೋಯಿತು. ಓದದೇ ಸಹಿ ಹಾಕಿದ ತಪ್ಪು ನನ್ನದು. ಆದರೆ ಎರಡನೆಯದರಲ್ಲಿ ನಾನು ಬಿಡಲಿಲ್ಲ.

ಹೊಸ ಬಾಡಿಗೆಯವರು ಬಂದ ನಾಲ್ಕು ತಿಂಗಳಿಗೆ ಅಡುಗೆಮನೆಯ ಗೋಡೆಯೊಳಗಿನ ಪೈಪ್ ಒಡೆಯಿತು. ಒಂದೇ ರಾತ್ರಿಗೆ ಕೆಳಗಿನ ಕಪಾಟುಗಳೆಲ್ಲ ನೆನೆದು ಉಬ್ಬಿದವು. ನಷ್ಟ ಎಷ್ಟು, ಹೇಗಾಯಿತು ಅಂತ ನೋಡೋಕೆ ಇನ್ಶೂರೆನ್ಸ್ ಕಡೆಯ ಸರ್ವೇಯರ್ ಬಂದರು. ಸಿಂಕ್ ಕೆಳಗೆ ಬಗ್ಗಿ, ಗೋಡೆಯ ಕಪ್ಪು ಕಲೆಯ ಮೇಲೆ ಬೆರಳಾಡಿಸಿ, “ಇದು ಹಳೇ ಸೋರಿಕೆ” ಅಂದರು. ಹತ್ತು ನಿಮಿಷ ಅಷ್ಟೇ. ಪೈಪ್ ಒಡೆದರೆ ಕವರ್ ಇದೆ, ನಿಧಾನವಾಗಿ ಸೋರಿದರೆ ಇಲ್ಲ. ಆ ಮಾತಿನ ಮೇಲೆಯೇ ಕ್ಲೇಮ್ ತಿರಸ್ಕಾರ ಆಯಿತು.

ಪುಣ್ಯಕ್ಕೆ ಹೊಸಬರಿಗೆ ಕೀಲಿ ಕೊಡುವ ದಿನ ನನ್ನ ಹೆಂಡತಿ ಪ್ರತಿ ಮೂಲೆಯ ಫೋಟೋ ತೆಗೆದಿದ್ದಳು. ಸಿಂಕ್ ಕೆಳಗಿನದೂ ಇತ್ತು. ಒಣಗಿದ ಬಿಳಿ ಗೋಡೆ, ತಾರೀಖಿನ ಸಮೇತ. ಪ್ಲಂಬರ್ ಕೈಲಿ ಬಿಲ್ಲಿನ ಮೇಲೆ ‘ಪೈಪ್ ಒಡೆದಿತ್ತು’ ಅಂತ ಬರೆಸಿಕೊಂಡಿದ್ದೆವು. ಒಡೆದ ತುಂಡನ್ನೂ ಎಸೆದಿರಲಿಲ್ಲ. ಎಲ್ಲವನ್ನೂ ಕಂಪನಿಯ ದೂರು ವಿಭಾಗಕ್ಕೆ ಕಳಿಸಿ ಒಂದು ತಿಂಗಳು ಕಾದೆ. ಉತ್ತರವೇ ಇಲ್ಲ. ಆಮೇಲೆ ಜೆ.ಪಿ. ನಗರದ ಜೀವನ್ ಸೌಧದಲ್ಲಿರುವ ವಿಮಾ ಓಂಬುಡ್ಸ್‌ಮನ್‌ಗೆ, ಅಂದರೆ ವಿಮಾ ಕಂಪನಿಗಳ ಮೇಲಿನ ದೂರು ವಿಚಾರಿಸುವ ಅಧಿಕಾರಿಗೆ, ಬರೆದೆ. ಅಲ್ಲಿ ಫೀಸ್ ಇಲ್ಲ, ಲಾಯರ್ ಬೇಡ. ನಮ್ಮ ಮಾತನ್ನು ನಾವೇ ಹೇಳಿಕೊಳ್ಳಬಹುದು. ಕಂಪನಿ ತಿರಸ್ಕರಿಸಿದ ಒಂದು ವರ್ಷದೊಳಗೆ ಹೋಗಬೇಕು. ವಿಚಾರಣೆಗೆ ಮೊದಲೇ ಕಂಪನಿಯವರು ಫೋನ್ ಮಾಡಿ, ಕೇಳಿದ್ದರಲ್ಲಿ ಮುಕ್ಕಾಲು ಪಾಲು ಕೊಡಲು ಒಪ್ಪಿದರು.

ಕ್ಲೇಮ್ ಇಲ್ಲ ಅಂತ ಫೋನಿನಲ್ಲಿ ಹೇಳಿದರೆ ಸುಮ್ನೆ ಹೂಂ ಅನ್ನಬೇಡಿ. ಯಾವ ನಿಯಮದ ಪ್ರಕಾರ ಇಲ್ಲ ಅಂತ ಬರಹದಲ್ಲಿ ಕೇಳಿ, ಆ ನಿಯಮವನ್ನು ಪಾಲಿಸಿಯಲ್ಲಿ ಹುಡುಕಿ ಓದಿ. ನನ್ನ ಎರಡು ಪತ್ರಗಳಲ್ಲಿ ಒಂದು ಸರಿ ಇತ್ತು, ಒಂದು ತಪ್ಪಿತ್ತು. ನೋಡೋದಕ್ಕೆ ಎರಡೂ ಒಂದೇ ಥರ ಇದ್ದವು.

ಈ ಸಲ ರಿನ್ಯೂವಲ್‌ಗೆ ಮೊದಲು ಇಮೇಲ್‌ನಲ್ಲಿ ಐದು ಪ್ರಶ್ನೆ ಕಳಿಸಿದ್ದೇನೆ. ಮನೆ ಬಾಡಿಗೆಗಿದೆ ಅಂತ ಪಾಲಿಸಿಯಲ್ಲಿ ಬರೆದಿದೆಯಾ? ಖಾಲಿ ಇದ್ದಾಗ ಕಳ್ಳತನವಾದರೆ? ಬಾಡಿಗೆಯವರೇ ಬೇಕಂತ ಒಡೆದರೆ? ಸೋರಿಕೆಗೂ ಪೈಪ್ ಒಡೆದಿದ್ದಕ್ಕೂ ವ್ಯತ್ಯಾಸ ಹೇಗೆ ಗುರುತಿಸುತ್ತೀರಿ? ಗೀಸರ್, ಮೋಟಾರ್ ಕಟ್ಟಡದ ಲೆಕ್ಕವೋ, ಸಾಮಾನಿನ ಲೆಕ್ಕವೋ? ಮೂರಕ್ಕೆ ಉತ್ತರ ಬಂದಿದೆ. ಉಳಿದ ಎರಡಕ್ಕೆ ನಿನ್ನೆ ಮತ್ತೆ ಬರೆದಿದ್ದೇನೆ. ದುಡ್ಡು ಇನ್ನೂ ಕಟ್ಟಿಲ್ಲ.