ರೇನ್ ಸೆನ್ಸರ್ ವೈಪರ್: ಘಾಟಿಯಲ್ಲಿ ಉಪಕಾರಿ, ಗಾಜು ಬದಲಿಸಿದ ಮೇಲೆ ಜೋಕೆ

ಕಾರಿನ ಮೇಲಿನ ವೇರಿಯಂಟ್‌ಗೆ ಹೋಗಬೇಕೋ ಬೇಡವೋ ಎಂದು ಲೆಕ್ಕ ಹಾಕುವವರು, ಮಳೆಯನ್ನು ಸೆನ್ಸರ್‌ನಿಂದ ಗುರುತಿಸಿ ತಾನಾಗಿಯೇ ಓಡುವ ಆಟೋ ವೈಪರ್ ಅನ್ನು ಶೋಕಿಯ ಪಟ್ಟಿಗೆ ಸೇರಿಸಿಬಿಡುತ್ತಾರೆ. ಮಲೆನಾಡು, ಕರಾವಳಿಯಲ್ಲಿ ಓಡಾಡುವವರಿಗೆ ಅದು ಶೋಕಿಯಲ್ಲ. ಘಾಟಿಯಲ್ಲಿ ಈ ತಿರುವಿನಲ್ಲಿ ಸೋನೆ, ಮುಂದಿನ ತಿರುವಿನಲ್ಲಿ ಜಡಿಮಳೆ. ಪ್ರತಿ ಸಲ ಸ್ಟೇರಿಂಗ್ ಬಿಟ್ಟು ಲಿವರ್‌ಗೆ ಕೈ ಹಾಕುವುದು ತಪ್ಪುತ್ತದಲ್ಲ, ಅದೇ ದೊಡ್ಡ ಲಾಭ.

ಸೆನ್ಸರ್ ಇರುವುದು ಒಳಗಿನ ಮಿರರ್‌ನ ಬುಡದಲ್ಲಿ, ಗಾಜಿಗೆ ಒತ್ತಿಕೊಂಡು. ಅದರ ಎಲ್‌ಇಡಿ ಇನ್‌ಫ್ರಾರೆಡ್ ಬೆಳಕನ್ನು ಸುಮಾರು 45 ಡಿಗ್ರಿ ಓರೆಯಾಗಿ ಗಾಜಿನೊಳಕ್ಕೆ ಬಿಡುತ್ತದೆ. ಗಾಜು ಒಣಗಿದ್ದರೆ ಬೆಳಕು ಪ್ರತಿಫಲಿಸಿ, ಬೆಳಕನ್ನು ಅಳೆಯುವ ಫೋಟೋಡಯೋಡ್‌ಗೆ ಮರಳುತ್ತದೆ. ಹನಿ ಕೂತಲ್ಲಿ ಹೊರಗೆ ಸೋರಿಹೋಗುತ್ತದೆ. ಎಷ್ಟು ಸೋರಿತು ಎನ್ನುವುದರ ಮೇಲೆ ವೈಪರ್‌ನ ವೇಗ. ಆದರೆ ಅದು ನೋಡುವುದು ಅಂಗೈಗಿಂತ ಚಿಕ್ಕ ಜಾಗವನ್ನು ಮಾತ್ರ. ಲಾರಿ ಎರಚಿದ ರಾಡಿ ಆ ಜಾಗ ತಪ್ಪಿಸಿ ಡ್ರೈವರ್ ಕಣ್ಣೆದುರೇ ಬಿದ್ದರೆ ವೈಪರ್ ಏಳುವುದಿಲ್ಲ. ಓವರ್‌ಟೇಕ್ ಮಾಡುವಾಗ ಅದನ್ನು ನಂಬದೆ ನೀವೇ ಲಿವರ್ ತಟ್ಟಿ.

ನಿಜವಾದ ತಕರಾರು ಶುರುವಾಗುವುದು ಮುಂದಿನ ಗಾಜು ಬದಲಿಸಿದ ಮೇಲೆ. ಸೆನ್ಸರ್‌ಗೂ ಗಾಜಿಗೂ ನಡುವೆ ತೆಳುವಾದ ಸಿಲಿಕೋನ್ ಜೆಲ್ ಪ್ಯಾಡ್ ಇರುತ್ತದೆ. ಹಳೆಯದನ್ನೇ ಒತ್ತಿ ಕೂರಿಸಿದರೆ ಗಾಳಿಗುಳ್ಳೆ ಸಿಕ್ಕಿಕೊಂಡು ಬೆಳಕಿನ ದಾರಿ ಕೆಡುತ್ತದೆ. ಆಮೇಲೆ ಬಿಸಿಲಲ್ಲೂ ವೈಪರ್ ಓಡಬಹುದು, ಜೋರು ಮಳೆಗೂ ಸುಮ್ಮನಿರಬಹುದು. ಕಾರಿನ ಹೊರಗೆ ನಿಂತು ಟಾರ್ಚ್ ಬಿಟ್ಟು ನೋಡಿ: ಪ್ಯಾಡ್ ಒಂದೇ ಸಮ ಕಪ್ಪಗಿರಬೇಕು, ಬೆಳ್ಳಿ ಚುಕ್ಕೆಗಳು ಕಂಡರೆ ಅವೇ ಗುಳ್ಳೆಗಳು. ಇಡೀ ಸೆನ್ಸರ್ ಬದಲಿಸಲು ಒಪ್ಪುವ ಮೊದಲು ಹೊಸ ಪ್ಯಾಡ್ ಹಾಕಿಸಿ. ಗಾಜನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ ಒಣಗಿಸಿ, ಪ್ಯಾಡನ್ನು ಒಂದು ಅಂಚಿನಿಂದ ಮೆಲ್ಲಗೆ ಕೂರಿಸಿ ಗಾಳಿಯನ್ನು ಹೊರಹಾಕಬೇಕು. ಅಲ್ಲಿಗೆ ಸನ್ ಫಿಲ್ಮ್ ಬರಲೇಬಾರದು.

ರಬ್ಬರ್ ಸವೆದರೂ ಇದೇ ಕಾಟ. ಬ್ಲೇಡ್ ಬಿಟ್ಟುಹೋದ ನೀರಿನ ಗೆರೆಯನ್ನೇ ಸೆನ್ಸರ್ ಮಳೆ ಎಂದು ಓದಿ ಮತ್ತೆ ಮತ್ತೆ ಒರೆಸುತ್ತದೆ. ನಮ್ಮ ಬಿಸಿಲಿಗೆ ಬ್ಲೇಡ್ ವರ್ಷಕ್ಕೊಮ್ಮೆ, ಮುಂಗಾರಿಗೆ ಮುಂಚೆ ಬದಲಿಸುವುದು ಸರಿ. ವಾಶಿಂಗ್‌ಗೆ ಬಿಡುವಾಗ ಲಿವರ್ ಆಫ್‌ನಲ್ಲಿರಲಿ; ಆಟೋದಲ್ಲೇ ಇದ್ದು ಇಗ್ನಿಷನ್ ಆನ್ ಆದರೆ ಒರೆಸುವವರ ಕೈಗೆ ಪೆಟ್ಟು.

ಡೆಲಿವರಿ ತೆಗೆದುಕೊಳ್ಳುವಾಗ ಇಗ್ನಿಷನ್ ಹಾಕಿ, ಲಿವರ್ ಆಟೋಗೆ ಇಟ್ಟು, ಮಿರರ್ ಮುಂದಿನ ಗಾಜಿಗೆ ಸ್ಪ್ರೇ ಬಾಟಲಿಯಿಂದ ನೀರು ಹೊಡೆಸಿ. ಎಷ್ಟು ಹನಿಗೆ ವೈಪರ್ ಏಳಬೇಕೆಂದು ಹೊಂದಿಸುವ ಸೆನ್ಸಿಟಿವಿಟಿ ರಿಂಗ್ ಅನ್ನು ಎರಡೂ ತುದಿಗೆ ತಿರುಗಿಸಿ ನೋಡಿ. ಒರೆಸುವ ರೀತಿಯಲ್ಲಿ ವ್ಯತ್ಯಾಸ ಕಾಣದಿದ್ದರೆ ಅಲ್ಲೇ ಕೇಳಿ.