ಸಿದ್ದಾಪುರದ ನರ್ಸರಿಯಿಂದ ತಂದ ಕ್ರೋಟನ್: ಪೆಟ್ರಾ, ಮ್ಯಾಮಿ, ಗೋಲ್ಡ್ ಡಸ್ಟ್

ವರ್ಷಪೂರ್ತಿ ಬಾಲ್ಕನಿಲಿ ಬಣ್ಣ ಇರ್ಬೇಕು, ಹೂವಿಗೆ ಕಾಯ್ಕೊಂಡು ಕೂರೋಕಾಗಲ್ಲ ಅನ್ನೋರಿಗೆ ನಾನು ಹೇಳೋದು ಬಣ್ಣಬಣ್ಣದ ಎಲೆಯ ಕ್ರೋಟನ್ ಗಿಡ ಒಂದೇ. ಲಾಲ್‌ಬಾಗ್ ಪಕ್ಕ ಸಿದ್ದಾಪುರದಲ್ಲಿ ಸಾಲಾಗಿ ನರ್ಸರಿಗಳಿವೆಯಲ್ಲ, ಅಲ್ಲಿಂದ ಪೆಟ್ರಾ, ಮ್ಯಾಮಿ, ಗೋಲ್ಡ್ ಡಸ್ಟ್ ಅನ್ನೋ ಮೂರು ತಳಿನೂ ತಂದೆ, ಮಳೆಗಾಲ ಬೇಸಿಗೆ ಎರಡೂ ನೋಡಾದ್ಮೇಲೆ ಈಗ ಬರೀತಿದೀನಿ.

ಮೊದಲ ಮಾರ್ಕ್ಸ್ ಪೆಟ್ರಾಗೆ. ಎಲೆ ಅಗಲ, ದಪ್ಪ, ಮೇಣ ಸವರಿದ ಹಾಗೆ ಹೊಳೆಯುತ್ತೆ. ಹೊಸ ಚಿಗುರು ಹಸಿರು-ಹಳದಿ, ನರಗಳು ಮಾತ್ರ ಎದ್ದು ಕಾಣೋ ಹಳದಿ, ಎಲೆ ಬಲಿತಾ ಹೋದ ಹಾಗೆ ಅದೇ ನರ ಕಿತ್ತಳೆ ಆಗಿ ಆಮೇಲೆ ಕೆಂಪಿಗೆ ತಿರುಗುತ್ತೆ, ಎಲೆಯ ಹಸಿರೂ ಕಪ್ಪಾಗ್ತಾ ಹೋಗುತ್ತೆ, ಅಂದ್ರೆ ಒಂದೇ ಕೊಂಬೆನ ತುದಿಯಿಂದ ಬುಡದ ತನಕ ನೋಡಿದ್ರೆ ಎಲ್ಲಾ ಬಣ್ಣನೂ ಒಟ್ಟಿಗೆ ಸಿಗುತ್ತೆ. ಬೆಳಿಗ್ಗೆ ಬಿಸಿಲಿಗೆ ಅಡ್ಡ ಹಿಡಿದು ನೋಡಿ, ಎಷ್ಟು ಚೆಂದ ಗೊತ್ತಾ! ಮ್ಯಾಮಿ ಎಲೆ ಸಣ್ಣಗೆ ಉದ್ದ, ತಿರುಚಿಕೊಂಡಿರುತ್ತೆ, ಕೆಂಪು ಜಾಸ್ತಿ, ಚಿಕ್ಕ ಕುಂಡಕ್ಕೆ ಚೆನ್ನಾಗಿ ಒಪ್ಪುತ್ತೆ. ಗೋಲ್ಡ್ ಡಸ್ಟ್ ಹಸಿರು ಎಲೆ ಮೇಲೆ ಹಳದಿ ಚುಕ್ಕಿ, ಅಷ್ಟೇ, ಆದ್ರೆ ಬಿಸಿಲು ಸ್ವಲ್ಪ ಕಮ್ಮಿ ಇದ್ರೂ ಮೂರರಲ್ಲಿ ಅದೇ ತಡ್ಕೊಳ್ಳುತ್ತೆ.

ಇದಕ್ಕೂ ಮುಂಚೆ ಒಂದು ಆನ್‌ಲೈನ್ ಸೈಟಿಂದ ಕ್ರೋಟನ್ ತರಿಸಿದ್ದೆ. ಫೋಟೋದಲ್ಲಿ ಕೆಂಡದಂಥ ಕೆಂಪು, ಡಬ್ಬ ಬಿಚ್ಚಿದ್ರೆ ಬರೀ ಹಸಿರು, ಅರ್ಧ ಎಲೆ ಉದುರಿತ್ತು. ಕಸ್ಟಮರ್ ಕೇರ್‌ನವರು ಇದು ನ್ಯಾಚುರಲ್ ಅಂದು ಕೈ ತೊಳ್ಕೊಂಡ್ರು. ಜಾಗ ಬದಲಾದ್ರೆ ಕ್ರೋಟನ್ ಎಲೆ ಉದುರಿಸೋದು ನಿಜಾನೇ, ನರ್ಸರಿದೂ ಮೊದಮೊದಲು ಉದುರಿಸಿತು, ಕೊಂಬೆ ಹಸಿರಾಗಿದ್ರೆ ಮತ್ತೆ ಚಿಗುರುತ್ತೆ, ಹೆದರಿ ನೀರು ಸುರೀಬೇಡಿ. ಆದ್ರೆ ಬಣ್ಣದ ವಿಷಯ ಬೇರೆ. ಬೆಳಕು ಸಾಲದಿದ್ರೆ ಗಿಡ ಹಸಿರನ್ನೇ ಜಾಸ್ತಿ ಮಾಡ್ಕೊಳ್ಳುತ್ತೆ, ಕೆಂಪು-ಹಳದಿ ಮುಚ್ಚಿಹೋಗುತ್ತೆ. ಫೋಟೋ ಒಂದು ಗಿಡದ್ದು ಕಳ್ಸೋದು ಇನ್ನೊಂದು ಅಂದ್ರೆ ಅದು ಮೋಸ. ಹಾಗಾಗಿ ಕ್ರೋಟನ್‌ನ ಕಣ್ಣಲ್ಲಿ ನೋಡಿಯೇ ತಗೋಬೇಕು, ಎಲೆ ತಿರುಗಿಸಿ ಅಡಿಭಾಗನೂ ನೋಡಿ, ಬಿಳಿ ಹತ್ತಿ ಥರ ಅಂಟಿದ್ರೆ ಅದು ಹಿಟ್ಟು ತಿಗಣೆ, ಆ ಗಿಡ ಬೇಡವೇ ಬೇಡ. ಬೇಸಿಗೆ ಒಣ ಹವೆಗೆ ಜೇಡ ನುಸಿ ಅನ್ನೋ ಸಣ್ಣ ಕೀಟ ಕೂಡ ಬರುತ್ತೆ, ಎಲೆಯ ಎರಡೂ ಕಡೆ ನೀರು ಹೊಡೆದು ಸಂಜೆ ಹೊತ್ತು ಬೇವಿನೆಣ್ಣೆ ಸಿಂಪಡಿಸಿದ್ದಕ್ಕೆ ಹತೋಟಿಗೆ ಬಂತು.

ಕ್ರೋಟನ್ ಮೂಲ ಇಂಡೋನೇಷ್ಯಾ, ಮಲೇಷ್ಯಾ, ನ್ಯೂಗಿನಿ ಕಡೆದು, ಸೆಕೆ, ತೇವ ಎರಡೂ ಇಷ್ಟ. ಅದಕ್ಕೇ ಮಂಗಳೂರು ಉಡುಪಿ ಕಡೆ ಕಾಂಪೌಂಡ್ ಬದಿಲಿ ಆಳೆತ್ತರ ಬೆಳೆದು ನಿಂತಿರುತ್ತೆ, ನಮ್ಮ ಬೆಂಗಳೂರಿನ ಡಿಸೆಂಬರ್ ಚಳಿಗೆ ಬೆಳವಣಿಗೆ ನಿಧಾನ. ನಮ್ಮಲ್ಲಿ ಪೂರ್ವದ ಬಾಲ್ಕನಿ, ಬೆಳಗಿನ ಬಿಸಿಲು ಬೀಳುತ್ತೆ, ಬಣ್ಣ ಚೆನ್ನಾಗಿ ಬಂದಿದೆ. ಏಪ್ರಿಲ್ ಮಧ್ಯಾಹ್ನದ ಬಿಸಿಲು ನೇರ ಬಿದ್ರೆ ಎಲೆ ಸುಡುತ್ತೆ, ಮರೆ ಬೇಕು.

ನರ್ಸರಿ ಬಗ್ಗೆ ಒಂದೇ ಕಂಪ್ಲೇಂಟ್, ಕಪ್ಪು ಕವರ್‌ನಲ್ಲಿ ಬರೀ ಕೆಮ್ಮಣ್ಣು, ಒಣಗಿದ್ರೆ ಇಟ್ಟಿಗೆ. ಕೊಕೊಪೀಟ್ (ತೆಂಗಿನ ನಾರಿನ ಪುಡಿ), ಗೊಬ್ಬರ ಸೇರಿಸಿ ಬೇರೆ ಕುಂಡಕ್ಕೆ ಹಾಕಿ. ಕತ್ತರಿಸಿದಾಗ ಬರೋ ಹಾಲು ಚರ್ಮಕ್ಕೆ ತುರಿಕೆ, ಬಟ್ಟೆಗೆ ಬಿದ್ರೆ ಕಲೆ ಹೋಗಲ್ಲ, ಗ್ಲೌಸ್ ಹಾಕ್ಕೊಳ್ಳಿ. ಎಲೆ ಕಚ್ಚೋ ನಾಯಿಮರಿ, ಅಂಬೆಗಾಲಿನ ಮಗು ಇರೋ ಮನೆಲಿ ಕೈಗೆ ಸಿಗದ ಎತ್ತರದಲ್ಲಿಡಿ. ಹಾಲ್ ಒಳಗೆ ಕತ್ತಲೆ ಮೂಲೆಗೆ ಗಿಡ ಹುಡುಕ್ತಿರೋರು ಮಾತ್ರ ಇದಕ್ಕೆ ದುಡ್ಡು ಹಾಕ್ಬೇಡಿ, ಗೋಲ್ಡ್ ಡಸ್ಟ್ ಕೂಡ ಅಲ್ಲಿ ಸೊರಗುತ್ತೆ. ಬೆಳಕಿರೋರು ಜೂನ್ ಜುಲೈನಲ್ಲಿ ಒಂದು ಪೆಟ್ರಾ ತಗೊಳ್ಳಿ, ಮುಂದಿನ ಮಳೆಗಾಲಕ್ಕೆ ಉದ್ದ ಕೊಂಬೆಗೆ ಗೂಟಿ ಕಟ್ಟಿ, ಅಂದ್ರೆ ಕೊಂಬೆ ಗಿಡದಲ್ಲೇ ಇರೋವಾಗ ಅದಕ್ಕೆ ಬೇರು ಬರಿಸಿ ಕತ್ತರಿಸಿ ನೆಟ್ರೆ ಎರಡನೇ ಗಿಡ ಕೊಳ್ಳೋ ಅಗತ್ಯನೇ ಇರಲ್ಲ.