ಬೇಸಿಗೆ ಅಡುಗೆಗೆ ಎಂ.ಜಿ. ರಸ್ತೆ ಮಾರ್ಕೆಟ್

ಮೈಸೂರಿನ ಎಂ.ಜಿ. ರಸ್ತೆ ತರಕಾರಿ ಮಾರ್ಕೆಟ್‌ಗೆ ಬೆಳಿಗ್ಗೆ ಏಳರೊಳಗೆ ಹೋಗಿ. ಬಿಸಿಲೇರಿದರೆ ಸೊಪ್ಪು ಬಾಡುತ್ತದೆ, ಆಮೇಲೆ ಚೌಕಾಸಿ ಮಾಡಿ ಏನು ಪ್ರಯೋಜನ?

ನಾನು ಹೋಗುವುದೇ ಎಳೆ ಸೌತೆಕಾಯಿಗೆ. ಸಣ್ಣಗೆ ಹೆಚ್ಚಿ, ನೆನೆಸಿದ ಹೆಸರುಬೇಳೆ, ಕಾಯಿತುರಿ, ನಿಂಬೆರಸ ಸೇರಿಸಿದರೆ ಕೋಸಂಬರಿ. ಒಗ್ಗರಣೆ ಬಿಟ್ಟರೂ ನಡೆಯುತ್ತದೆ, ಈ ಸೆಕೆಯಲ್ಲಿ ಒಲೆ ಹಚ್ಚುವವರು ಯಾರು! ಉಪ್ಪು ಮಾತ್ರ ಬಡಿಸುವ ಮುಂಚೆ ಹಾಕಿ, ಇಲ್ಲದಿದ್ದರೆ ನೀರು ಬಿಟ್ಟುಕೊಳ್ಳುತ್ತದೆ. ಬೂದುಗುಂಬಳ ಹೋಳು ಮಾಡಿಯೂ ಕೊಡುತ್ತಾರೆ. ಇಬ್ಬರ ಮಜ್ಜಿಗೆಹುಳಿಗೆ ಒಂದು ಹೋಳು ಜಾಸ್ತಿಯೇ.

ಆ ಸೀಮೆಯದೇ ವಿಶೇಷ ಬೆಳೆ ಎಂಬ ಜಿಐ (ಭೌಗೋಳಿಕ ಸೂಚಕ) ಗುರುತಿನ ನಂಜನಗೂಡು ರಸಬಾಳೆ ಕಂಡರೆ ರೇಟು ನೋಡಬೇಡಿ. ಬೆಲ್ಲ, ಹಾಲು, ಏಲಕ್ಕಿ ಹಾಕಿ ಸೀಕರಣೆ ಮಾಡಿ, ಚಪಾತಿ ಜೊತೆ ರಾತ್ರಿ ಊಟವೇ ಮುಗಿಯಿತು. ಕರಿಬೇವು ಕೊಸರು ಕೇಳಿ, ಕೊಡುತ್ತಾರೆ. ಗಾಡಿ ನಿಲ್ಲಿಸುವುದೊಂದೇ ತಲೆನೋವು.